ಉಸಿರಿನ ಜೊತೆ ಒಳಗೆ ಹೋಗುವ ಬೂಷ್ಟು

2021ರ ಮೇ ತಿಂಗಳು. ದಾವಣಗೆರೆಯಲ್ಲಿ ನಮ್ಮ ಸೋದರಮಾವ ಕೋವಿಡ್ ಆಗಿ ವೆಂಟಿಲೇಟರ್ ಮೇಲಿದ್ದರು. ಟಿವಿ ಹಾಕಿದರೆ ಸಾಕು, ಬ್ಲ್ಯಾಕ್ ಫಂಗಸ್ ಸುದ್ದಿ. ದಿನಕ್ಕೊಂದು ಸಲ ನರ್ಸ್ ಒಬ್ಬರು ವಿಡಿಯೋ ಕಾಲ್‌ನಲ್ಲಿ ಮಾವನ ಮುಖ ತೋರಿಸುತ್ತಿದ್ದರು. ನಾವೆಲ್ಲ ಮೊಬೈಲ್ ಸುತ್ತ ಕೂತು ಮೊದಲು ನೋಡುತ್ತಿದ್ದದ್ದು ಅವರ ಕಣ್ಣು, ಆಮೇಲೆ ಮೂಗು. ಕಣ್ಣು ಊದಿಲ್ಲ, ಮೂಗಿನ ಹತ್ತಿರ ಕಪ್ಪಾಗಿಲ್ಲ. ಸದ್ಯ, ಫಂಗಸ್ ಇಲ್ಲ ಅಂತ ಉಸಿರು ಬಿಡುತ್ತಿದ್ದೆವು.

ಫಂಗಸ್ ಇತ್ತು. ಶ್ವಾಸಕೋಶದಲ್ಲಿತ್ತು. ಟಿವಿಯಲ್ಲಿ ಹೇಳುತ್ತಿದ್ದ ಜಾತಿಯದಲ್ಲ, ಬೇರೆಯದು.

ಇಳಿದಿದ್ದ ಜ್ವರ ಮತ್ತೆ ಏರಿತು. ಆಂಟಿಬಯೋಟಿಕ್ ಎರಡು ಸಲ ಬದಲಿಸಿದರೂ ಆಕ್ಸಿಜನ್ ಏರಲಿಲ್ಲ. ಕಫದಲ್ಲಿ ರಕ್ತ ಕಾಣಿಸಿತು. ಆಗ ಒಬ್ಬ ಡಾಕ್ಟರು ಗಂಟಲಿಗೆ ಹಾಕಿದ್ದ ನಳಿಕೆಯಿಂದ ಕಫ ತೆಗೆಸಿ ಪರೀಕ್ಷೆಗೆ ಕಳಿಸಿದರು. ಆಸ್ಪರ್ಜಿಲಸ್ ಅನ್ನುವ ಬೂಷ್ಟು ಅಂತ ಬಂತು. "ಇವರು ಏನು ಕೆಲಸ ಮಾಡ್ತಾರೆ?" ಅಂತ ಅತ್ತೆಯನ್ನು ಕೇಳಿದರು. "ಎಪಿಎಂಸೀಲಿ ದಲ್ಲಾಳಿ ಅಂಗಡಿ ಸಾರ್, ಮೆಕ್ಕೆಜೋಳದ್ದು." ಡಾಕ್ಟರು ತಲೆಯಾಡಿಸಿದರು. "ಅದರಿಂದಲೇ ಬಂತು ಅಂತ ಹೇಳೋಕಾಗಲ್ಲಮ್ಮ. ಈ ಬೂಷ್ಟು ಗಾಳಿಯಲ್ಲಿ ಎಲ್ಲಾ ಕಡೆ ಇರುತ್ತೆ."

ಎಲ್ಲಾ ಕಡೆ ಇರುವುದು ಒಬ್ಬರಿಗೆ ಮಾತ್ರ ಯಾಕೆ ಕಾಯಿಲೆ ಆಗುತ್ತದೆ? ಅವತ್ತಿನಿಂದ ನಾನು ಈ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಇದಕ್ಕೆ ಸುಮಾರು 300 ವರ್ಷದ ಕಥೆಯಿದೆ.

ನಮ್ಮ ಕಡೆಯವರಿಗೆ ಬೂಷ್ಟಿನ ಪರಿಚಯ ಮಾಡಿಕೊಡಬೇಕಿಲ್ಲ. ಮೆಕ್ಕೆಜೋಳ ಮಾರಿದವರಿಗೆಲ್ಲ ಗೊತ್ತು, ತೇವಾಂಶ 14%ಗಿಂತ ಜಾಸ್ತಿ ಇದ್ದರೆ ಬೆಲೆ ಬೀಳುತ್ತದೆ. ಹಸಿ ಕಾಳನ್ನು ಚೀಲಕ್ಕೆ ತುಂಬಿಟ್ಟರೆ ವಾರದಲ್ಲಿ ಕಾವು ಹುಟ್ಟಿ, ಹಸಿರು ಬೂದಿ ಬಣ್ಣದ ಪುಡಿ ಏಳುತ್ತದೆ. ಚೀಲ ಬಿಚ್ಚಿ ಸುರಿದಾಗ ಮೂಗಿಗೆ ಅಡರುವ ಆ ಹೊಗೆಯಂಥ ಪುಡಿಯಲ್ಲಿ ಆಸ್ಪರ್ಜಿಲಸ್‌ನ ಬೀಜಕಣಗಳೂ ಇರುತ್ತವೆ. ಒಂದೊಂದು ಕಣ 2ರಿಂದ 3 ಮೈಕ್ರಾನ್ ಅಷ್ಟೇ. ಅಷ್ಟು ಸಣ್ಣದಾದ್ದರಿಂದ ಮೂಗು, ಗಂಟಲು ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಹೋಗಬಲ್ಲದು. ನಮ್ಮ ಮೈಯ ಬಿಸಿ 37 ಡಿಗ್ರಿ. ಬೇರೆ ಎಷ್ಟೋ ಬೂಷ್ಟುಗಳು ಈ ಬಿಸಿಯಲ್ಲಿ ಬೆಳೆಯಲಾರವು. ಇದಕ್ಕೆ ಅದು ಹಿತ, 50 ಡಿಗ್ರಿಯಲ್ಲೂ ಬೆಳೆಯುತ್ತದೆ. ತಿಪ್ಪೆಗುಂಡಿಯ ಒಳಗಿನ ಕಾವಿನಲ್ಲೇ ಹುಟ್ಟಿ ಬೆಳೆದ ಜೀವ ಅಲ್ವಾ!

ಆಸ್ಪರ್ಜಿಲಸ್ ಅನ್ನುವ ಹೆಸರು ಇಟ್ಟವರು ಪಿಯೆರ್ ಆಂಟೋನಿಯೊ ಮಿಕೇಲಿ, ಇಟಲಿಯ ಫ್ಲಾರೆನ್ಸ್‌ನ ಸಸ್ಯಶಾಸ್ತ್ರಜ್ಞ. 1729ರಲ್ಲಿ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿದಾಗ, ಚರ್ಚಿನಲ್ಲಿ ಪಾದ್ರಿಗಳು ಪವಿತ್ರ ನೀರು ಚಿಮುಕಿಸುವ ಸಾಧನ ಅವರಿಗೆ ನೆನಪಾಯಿತು. ಅದರ ಹೆಸರನ್ನೇ ಕೊಟ್ಟರು. ಇದು ಮನುಷ್ಯರ ಶ್ವಾಸಕೋಶದಲ್ಲೂ ಬೆಳೆಯುತ್ತದೆ ಅಂತ ಗೊತ್ತಾಗಲು ಮತ್ತೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. 1842ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಅನ್ನುವ ವೈದ್ಯರು ಕ್ಷಯರೋಗಿಯೊಬ್ಬರ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದದ್ದನ್ನು ಬರೆದಿಟ್ಟರು.

ನನ್ನನ್ನು ತುಂಬಾ ಹಿಡಿದು ನಿಲ್ಲಿಸಿದ್ದು 1890ರ ಪ್ಯಾರಿಸ್ಸಿನ ಕಥೆ. ಅಲ್ಲಿ ಮಾರಾಟದ ಪಾರಿವಾಳಗಳನ್ನು ಕೊಬ್ಬಿಸುವ ಕೆಲಸಗಾರರಿದ್ದರು. ಕಾಳು ಮತ್ತು ನೀರನ್ನು ತಮ್ಮ ಬಾಯಲ್ಲೇ ತುಂಬಿಕೊಂಡು, ಪಾರಿವಾಳದ ಕೊಕ್ಕಿಗೆ ಬಾಯಿಟ್ಟು ಉಣಿಸುತ್ತಿದ್ದರು. ದಿನವಿಡೀ ಇದೇ ಕೆಲಸ. ಅವರಲ್ಲಿ ಕೆಮ್ಮು, ಕಫದಲ್ಲಿ ರಕ್ತ, ಮೈ ಇಳಿಯುವುದು ಕಾಣಿಸಿತು. ನೋಡಿದರೆ ಥೇಟ್ ಕ್ಷಯ. ಡ್ಯೂಲಾಫುವಾ, ಶಾಂಟ್‌ಮೆಸ್, ವಿಡಾಲ್ ಎಂಬ ಮೂವರು ವೈದ್ಯರು ಪರೀಕ್ಷಿಸಿದಾಗ ಸಿಕ್ಕಿದ್ದು ಆಸ್ಪರ್ಜಿಲಸ್. ಚೌರಿ ಕೂದಲು ಬಾಚಿ ಹದ ಮಾಡುವವರಲ್ಲೂ ಇದೇ ಕಾಯಿಲೆ ಸಿಕ್ಕಿತು. ಅವರು ಕೂದಲಿನ ಜಿಡ್ಡು ತೆಗೆಯಲು ರೈ ಧಾನ್ಯದ ಹಿಟ್ಟು ಉದುರಿಸುತ್ತಿದ್ದರು, ಆ ಹಿಟ್ಟಿನಲ್ಲಿ ಬೂಷ್ಟು. ಕಾಳು, ಹಿಟ್ಟು, ಧೂಳು, ಕೂಲಿ. ಇದನ್ನು ಓದುವಾಗ ನನಗೆ ನಮ್ಮ ಯಾರ್ಡಿನಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಚೀಲ ಹೊರುವ ಹಮಾಲರೇ ಕಣ್ಣ ಮುಂದೆ ಬಂದರು.

ಆದರೆ ಯಾರ್ಡಿನ ಹಮಾಲರಿಗೆಲ್ಲ ಈ ಕಾಯಿಲೆ ಬರುವುದಿಲ್ಲ. ಕಾರಣ ನಮ್ಮ ಮೈಯಲ್ಲೇ ಇದೆ. ನಾವೆಲ್ಲರೂ ದಿನಾ ನೂರಾರು ಬೀಜಕಣ ಉಸಿರಾಡುತ್ತೇವೆ. ಶ್ವಾಸನಾಳದ ಒಳಪದರದ ಮೇಲಿರುವ ಸಣ್ಣ ಕೂದಲುಗಳು ಅವನ್ನು ಲೋಳೆಯ ಜೊತೆ ಮೇಲಕ್ಕೆ ಗುಡಿಸುತ್ತವೆ. ಒಳಗೆ ಇಳಿದವನ್ನು ಕಾವಲು ಕಣಗಳು ನುಂಗುತ್ತವೆ. ತಪ್ಪಿಸಿಕೊಂಡು ಮೊಳೆತವನ್ನು ಬಿಳಿ ರಕ್ತಕಣಗಳು ಬಂದು ಕೊಲ್ಲುತ್ತವೆ. ಈ ಮೂರೂ ಸರಿ ಇದ್ದವರಿಗೆ ಏನೂ ಆಗುವುದಿಲ್ಲ.

ಅದಕ್ಕೇ 20ನೇ ಶತಮಾನದ ವೈದ್ಯರು ಇದನ್ನು ರಕ್ತದ ಕ್ಯಾನ್ಸರ್ ಇದ್ದವರ, ಅಂಗ ಕಸಿ ಮಾಡಿಸಿಕೊಂಡವರ ಕಾಯಿಲೆ ಅಂತ ತಿಳಿದರು. ಅಂಥವರಲ್ಲಿ ಬಿಳಿ ರಕ್ತಕಣಗಳೇ ಕಡಿಮೆ ಅಥವಾ ಔಷಧದಿಂದ ದುರ್ಬಲ. ರೋಗ ಗುರುತಿಸುವ ನಿಯಮಗಳೂ ಹಾಗೇ ಬಂದವು. ಇಂಥ ಹಿನ್ನೆಲೆ ಇಲ್ಲದ ರೋಗಿಯಲ್ಲಿ ಈ ಬೂಷ್ಟು ಸಿಕ್ಕರೆ, ಸುಮ್ನೆ ಗಂಟಲಲ್ಲಿ ಇದ್ದದ್ದು ಬಂದಿರಬೇಕು ಅಂತ ಬಿಟ್ಟುಬಿಡುವುದು ರೂಢಿಯಾಯಿತು.

ಎಚ್ಚರಿಕೆ ಇರಲಿಲ್ಲ ಅಂತಲ್ಲ. ಫ್ಲೂ ಜ್ವರದ ನಂತರ ನ್ಯುಮೋನಿಯಾ ಆಗಿ, ಆಂಟಿಬಯೋಟಿಕ್ ಪಡೆದು, ಆಮೇಲೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಬೆಳೆದ ವರದಿ 1952ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬಂದಿತ್ತು. ಆದರೆ ಅಂಥವು ಅಲ್ಲೊಂದು ಇಲ್ಲೊಂದು. 2009ರಲ್ಲಿ ಎಚ್1ಎನ್1 ಬಂತು, ನಾವು ಹಂದಿಜ್ವರ ಅಂತ ಕರೆದದ್ದು. ಗಟ್ಟಿಮುಟ್ಟಾಗಿದ್ದವರೂ ಐಸಿಯು ಸೇರಿದರು, ಅವರಲ್ಲಿ ಕೆಲವರ ಶ್ವಾಸಕೋಶದಲ್ಲಿ ಈ ಬೂಷ್ಟು ಸಿಗತೊಡಗಿತು. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ವೈದ್ಯರು ಕೂತು ಲೆಕ್ಕ ಹಾಕಿದರು. 2018ರಲ್ಲಿ ಅವರು ಕೊಟ್ಟ ಅಂಕಿಗಳು ಹಳೆಯ ತಿಳಿವಳಿಕೆಯನ್ನೇ ತಿರುಗಿಸಿದವು. ತೀವ್ರ ಫ್ಲೂ ಆಗಿ ಏಳು ಐಸಿಯುಗಳಿಗೆ ಸೇರಿದ 432 ಜನರಲ್ಲಿ 83 ಜನರಿಗೆ, ಅಂದರೆ 19% ಜನರಿಗೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್. ರೋಗನಿರೋಧಕ ಶಕ್ತಿ ಮೊದಲು ಸರಿಯಿದ್ದವರಲ್ಲೂ 14%. ಫ್ಲೂ ಇಲ್ಲದೆ ಬೇರೆ ನ್ಯುಮೋನಿಯಾ ಆಗಿ ಐಸಿಯು ಸೇರಿದ ಅಂಥವರಲ್ಲಿ ಬರೀ 5%. ಬೂಷ್ಟು ತಗುಲಿದವರಲ್ಲಿ 51% ಜನ 90 ದಿನದೊಳಗೆ ತೀರಿಕೊಂಡರು, ತಗುಲದವರಲ್ಲಿ 28%.

ವೈರಸ್ ಏನು ಮಾಡುತ್ತದೆ ಅನ್ನುವುದು ಈಗ ಬಹಳ ಮಟ್ಟಿಗೆ ಗೊತ್ತಾಗಿದೆ. ಶ್ವಾಸನಾಳದ ಒಳಪದರವನ್ನು ಅದು ಸುಲಿದು ಹಾಕುತ್ತದೆ. ಗುಡಿಸುವ ಕೂದಲು ಹೋಯಿತು, ಬೂಷ್ಟು ಬೇರೂರಲು ಹಸಿ ಗಾಯ ಸಿಕ್ಕಿತು. ಕಾವಲು ಕಣಗಳೂ ಆ ಹೊತ್ತಿಗೆ ಸೋತಿರುತ್ತವೆ. ಇದರ ಮೇಲೆ ಸ್ಟಿರಾಯ್ಡ್ ಬಿದ್ದರೆ ಉಳಿದ ಕಾವಲೂ ಸಡಿಲ. ಕೆಲವು ಫ್ಲೂ ರೋಗಿಗಳಲ್ಲಿ ಶ್ವಾಸನಾಳದ ಗೋಡೆಗೇ ಬಿಳಿ ಪೊರೆಯಂತೆ ಬೂಷ್ಟು ಅಂಟಿಕೊಳ್ಳುತ್ತದೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳಕ್ಕೆ ಕ್ಯಾಮೆರಾ ಇರುವ ನಳಿಕೆ ಇಳಿಸಿ ಒಳಗೆ ನೋಡಬೇಕು.

ಇಷ್ಟು ಗೊತ್ತಾಗಿ ಎರಡೇ ವರ್ಷಕ್ಕೆ ಕೋವಿಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟರೆ ವೆಂಟಿಲೇಟರ್ ಮೇಲಿರುವವರ ಸಾವು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ ಅಂತ ತೋರಿಸಿತು. ಅದು ಜೀವ ಉಳಿಸಿದ ಔಷಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕ್ಸಿಜನ್ ಬೇಕಾದವರಿಗೆ ಮಾತ್ರ, ಅಳತೆ ಪ್ರಕಾರ, ಹತ್ತು ದಿನದೊಳಗೆ. ನಮ್ಮಲ್ಲಿ ಮೊದಲ ದಿನದ ಜ್ವರಕ್ಕೇ ಆ ಮಾತ್ರೆ ನುಂಗಿದವರು ಎಷ್ಟು ಜನ! ವಾಟ್ಸ್ಆ್ಯಪ್‌ನಲ್ಲಿ ಬಂದ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ತಗೊಂಡವರು ನಮ್ಮ ಮನೆಯಲ್ಲೇ ಇದ್ದರು.

ಆಮೇಲೆ ಬ್ಲ್ಯಾಕ್ ಫಂಗಸ್. ಅದರ ಹೆಸರು ಮ್ಯೂಕಾರ್, ಅದು ಇನ್ನೊಂದು ಜಾತಿ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಮೂಗು, ಕಣ್ಣಿನ ಗೂಡಿನಿಂದ ಹಿಡಿದು ಮಿದುಳಿನವರೆಗೆ ಹೋಗುತ್ತದೆ. 2021ರ ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯ, ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸುವಂತೆ ರಾಜ್ಯಗಳಿಗೆ ಬರೆಯಿತು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಜಾಸ್ತಿ ಪ್ರಕರಣ. ಅದಕ್ಕೆ ಕೊಡುವ ಲೈಪೊಸೋಮಲ್ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಜನ ಊರೂರು ಅಲೆದರು. ಆ ಭಯ ನಿಜವಾದದ್ದೇ. ಆದರೆ ಅದರ ಗದ್ದಲದಲ್ಲಿ ಮುಖದ ಮೇಲೆ ಗುರುತೇ ಬಿಡದ ಆಸ್ಪರ್ಜಿಲಸ್ ನಮ್ಮಂಥವರ ಕಣ್ಣಿಗೆ ಬೀಳಲಿಲ್ಲ. ಆಸ್ಪರ್ಜಿಲಸ್‌ಗೆ ಮೊದಲು ಕೊಡುವ ವೊರಿಕೊನಜೋಲ್ ಮ್ಯೂಕಾರ್ ಮೇಲೆ ಕೆಲಸ ಮಾಡುವುದಿಲ್ಲ. ಹಾಗಾಗಿ ಯಾವ ಫಂಗಸ್ ಅಂತ ತಿಳಿಯದೆ ಔಷಧ ಕೊಡುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ತಿಳಿಯುವುದೂ ಸುಲಭವಿಲ್ಲ. ಗ್ಯಾಲಕ್ಟೋಮನ್ನಾನ್ ಅನ್ನುವ ಪರೀಕ್ಷೆಯಿದೆ, ಬೂಷ್ಟಿನ ಗೋಡೆಯ ಸಕ್ಕರೆ ಅಂಶವನ್ನು ಹುಡುಕುವುದು. ಕೋವಿಡ್ ರೋಗಿಗಳ ರಕ್ತದಲ್ಲಿ ಅದು ಬಹಳ ಸಲ ಸಿಗುವುದೇ ಇಲ್ಲ. ಶ್ವಾಸಕೋಶವನ್ನು ಸಲೈನ್‌ನಿಂದ ತೊಳೆದು ತೆಗೆದ ನೀರಿನಲ್ಲಿ ಸಿಗುತ್ತದೆ. ಆದರೆ ಕೋವಿಡ್ ಕಾಲದಲ್ಲಿ ಸೋಂಕು ಹರಡುವ ಭಯಕ್ಕೆ ಬ್ರಾಂಕೋಸ್ಕೋಪಿಯನ್ನೇ ಎಷ್ಟೋ ಕಡೆ ಕೈಬಿಟ್ಟಿದ್ದರು. ಸಿಟಿ ಸ್ಕ್ಯಾನ್‌ನಲ್ಲಿ ಕೋವಿಡ್‌ನ ಬಿಳಿ ಮಚ್ಚೆಗಳ ನಡುವೆ ಬೂಷ್ಟಿನ ಗುರುತು ಮುಚ್ಚಿಹೋಗುತ್ತಿತ್ತು. ಹಾಗಾದರೆ ಮೊದಲೇ ತಡೆಯುವ ಔಷಧ ಕೊಟ್ಟರೆ? ಯುರೋಪಿನ ಐಸಿಯುಗಳಲ್ಲಿ ಫ್ಲೂ ರೋಗಿಗಳಿಗೆ ಪೊಸಕೊನಜೋಲ್ ಕೊಟ್ಟು ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ಹೆಚ್ಚಿನವರಲ್ಲಿ ಐಸಿಯುಗೆ ಬಂದ ಎರಡು ದಿನದೊಳಗೇ ಬೂಷ್ಟು ಪತ್ತೆಯಾಗಿತ್ತು. ಬಾಗಿಲು ಹಾಕುವ ಮೊದಲೇ ಒಳಗೆ ಬಂದಿತ್ತು.

ನಮ್ಮ ನೆಲಕ್ಕೆ ಸೇರಿದ ಎರಡು ಮಾತು ಹೇಳಲೇಬೇಕು. ಪಶ್ಚಿಮದ ದೇಶಗಳಲ್ಲಿ ಮುಖ್ಯವಾಗಿ ಸಿಗುವುದು ಆಸ್ಪರ್ಜಿಲಸ್ ಫ್ಯೂಮಿಗೇಟಸ್. ಬಿಸಿಲಿನ ನಾಡಾದ ನಮ್ಮಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಕೂಡ ಸಾಕಷ್ಟು ಸಿಗುತ್ತದೆ. ಇದು ಮೆಕ್ಕೆಜೋಳ, ಶೇಂಗಾದ ಬೂಷ್ಟು. ದಾವಣಗೆರೆಯದು ಒಂದು ಬೆಳೆ, ಚಳ್ಳಕೆರೆ ಸೀಮೆಯದು ಇನ್ನೊಂದು. ಶೇಂಗಾದ ಅಫ್ಲಾಟಾಕ್ಸಿನ್ ವಿಷ ಮಾಡುವುದೂ ಇದೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಆ ವಿಷ ಬೆಳಕಿಗೆ ಬಂತು. ಹೊಟ್ಟೆಗೆ ಹೋಗುವ ವಿಷದ ಬಗ್ಗೆ ನಾವು ಅಲ್ಪಸ್ವಲ್ಪ ಕೇಳಿದ್ದೇವೆ. ಉಸಿರಿಗೆ ಹೋಗುವ ಕಣದ ಬಗ್ಗೆ ಮಾತಾಡುವವರೇ ಇಲ್ಲ.

ಎರಡನೆಯದು ಗದ್ದೆಯ ಔಷಧ. ಹರಿಹರ, ಹೊನ್ನಾಳಿ ಕಡೆ ಭತ್ತಕ್ಕೆ ರೋಗ ಬಿದ್ದರೆ ಅಂಗಡಿಯವರು ಕೊಡುವುದು ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್. ರೋಗಿಗೆ ಕೊಡುವ ವೊರಿಕೊನಜೋಲ್ ಇವುಗಳ ಒಡಹುಟ್ಟು. ಹೆಸರಿನ ಬಾಲದಲ್ಲೇ ಗೊತ್ತಾಗುತ್ತದೆ. ಹೊಲದಲ್ಲಿ ಈ ಔಷಧ ತಿಂದು ತಿಂದು ಬಗ್ಗದಂತಾದ ಬೂಷ್ಟು ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲು ಗಮನಕ್ಕೆ ಬಂತು. 2012ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ಅನುರಾಧಾ ಚೌಧರಿ ಮತ್ತು ಜೊತೆಗಾರರು ಅಂಥದ್ದೇ ತಳಿ ಭಾರತದ ಪರಿಸರದಲ್ಲೂ ಹರಡಿದೆ ಅಂತ ತೋರಿಸಿದರು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಪಾಯಕಾರಿ ಫಂಗಸ್‌ಗಳ ಮೊದಲ ಪಟ್ಟಿ ಮಾಡಿತು. ಅತಿ ಗಂಭೀರ ಅನ್ನುವ ಮೇಲಿನ ಗುಂಪಿನಲ್ಲಿ ಇರುವುದು ನಾಲ್ಕೇ. ಅದರಲ್ಲಿ ಫ್ಯೂಮಿಗೇಟಸ್ ಒಂದು. ರೈತರನ್ನು ದೂರಿ ಪ್ರಯೋಜನವಿಲ್ಲ, ಬೆಳೆ ಉಳಿಸಿಕೊಳ್ಳಲೇಬೇಕಲ್ಲ. ಆದರೆ ಇದನ್ನು ಅವರಿಗೆ ಹೇಳುವವರು ಯಾರಾದರೂ ಇರಬೇಕು. ರೋಗ ಬರುವ ಮುಂಚೆಯೇ 'ಒಂದು ಸಲ ಹೊಡೆದುಬಿಡಿ' ಅನ್ನುವುದಾದರೂ ನಿಲ್ಲಬೇಕು.

ಫ್ಲೂ ಪ್ರತಿ ವರ್ಷ ಬರುತ್ತದೆ. ಮನೆಯವರು ಐಸಿಯು ಬಾಗಿಲಲ್ಲಿ ನಿಂತಿರುವಾಗ ಒಂದು ಮಾತು ಕೇಳಬಹುದು: "ಡಾಕ್ಟ್ರೇ, ಜ್ವರ ಮತ್ತೆ ಬಂದಿದೆ, ಆಂಟಿಬಯೋಟಿಕ್‌ಗೂ ಬಗ್ತಿಲ್ಲ. ಫಂಗಸ್ ಇರಬಹುದಾ, ಕಫ ಟೆಸ್ಟ್ ಮಾಡಿಸಿದ್ದೀರಾ?" ಇದು ಅಧಿಕಪ್ರಸಂಗವೇನಲ್ಲ. ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರಾಗುವುದಿಲ್ಲ.

ಮಾವ ಉಳಿದರು. ಮೂರು ತಿಂಗಳು ವೊರಿಕೊನಜೋಲ್ ಮಾತ್ರೆ ನಡೆಯಿತು. ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ ತಗೋಬೇಕು. ಮೊದಮೊದಲು ಮಾತ್ರೆ ತಗೊಂಡ ಸ್ವಲ್ಪ ಹೊತ್ತಿಗೆ ಬಣ್ಣಗಳೆಲ್ಲ ಹೊಳೆದಂತೆ ಕಾಣುತ್ತವೆ ಅನ್ನುತ್ತಿದ್ದರು. ಅದು ಆ ಔಷಧದ ಗುಣ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಈಗ ಅಂಗಡಿಯ ಲೆಕ್ಕಪತ್ರ ನೋಡುತ್ತಾರೆ. ಚೀಲ ಸುರಿಯುವಾಗ ಮಾತ್ರ ಹತ್ತಿರ ಹೋಗುವುದಿಲ್ಲ. ಹೋದ ಸುಗ್ಗಿಯಲ್ಲಿ ಹಮಾಲರಿಗೆಲ್ಲ ಎನ್95 ಮಾಸ್ಕ್ ತಂದುಕೊಟ್ಟರು. ಸೆಕೆಗೆ ಎರಡು ದಿನಕ್ಕೇ ತೆಗೆದು ಮತ್ತೆ ಟವೆಲ್ ಕಟ್ಟಿಕೊಂಡರಂತೆ. ಈ ಸಲ ಬೆಳಗಿನ ತಂಪಿನಲ್ಲೇ ಸುರಿಯುವ ಕೆಲಸ ಮುಗಿಸೋಣ ಅಂತ ಮಾವ ಅವರ ಜೊತೆ ಮಾತಾಡಿದ್ದಾರೆ.