ಮೈಕ್ರೋಮೀಟರ್ ಹಿಡಿಯಲು ಯಾರು ಕಲಿಸಬೇಕು?

ನಮ್ಮ ಕಾರ್ಖಾನೆಯ ಕೆಲಸದ ಸಂದರ್ಶನಕ್ಕೆ ಬರುವ ಡಿಪ್ಲೊಮಾ ಮತ್ತು ಬಿ.ಇ. ಮೆಕ್ಯಾನಿಕಲ್ ಹುಡುಗ ಹುಡುಗಿಯರ ಮುಂದೆ ನಾನು ಒಂದು ಶಾಫ್ಟ್ (ದುಂಡನೆಯ ಲೋಹದ ದಂಡ), ಅದರ ಡ್ರಾಯಿಂಗ್ ಮತ್ತು ಸೂಕ್ಷ್ಮವಾಗಿ ಅಳೆಯುವ ಎರಡು ಮೈಕ್ರೋಮೀಟರ್ ಇಡುತ್ತೇನೆ. ಡ್ರಾಯಿಂಗಿನಲ್ಲಿ 20 ಮಿ.ಮೀ., ಸಣ್ಣ ಎಚ್ 6 ಎಂದಿರುತ್ತದೆ. ಅಂದರೆ ಶಾಫ್ಟಿನ ವ್ಯಾಸ 20.000 ದಾಟಬಾರದು, 19.987ಕ್ಕಿಂತ ಇಳಿಯಬಾರದು, ಆಟವೆಲ್ಲ 13 ಮೈಕ್ರಾನಿನೊಳಗೆ, ಅಂದರೆ ಮಿಲಿಮೀಟರಿನ ಸಾವಿರದ ಹದಿಮೂರು ಪಾಲಿನೊಳಗೆ. ಒಂದು ಮೈಕ್ರೋಮೀಟರಿನ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆ, 0.01 ಮಿ.ಮೀ., ಇನ್ನೊಂದರದು 0.001. ಯಾವುದನ್ನು ಎತ್ತಿಕೊಳ್ಳುತ್ತಾರೆ, ಅಳೆಯುವ ಮುನ್ನ ಮೈಕ್ರೋಮೀಟರಿನ ಮುಖಗಳನ್ನು ಒರೆಸಿ ಸೊನ್ನೆ ಸರಿಯಿದೆಯೇ ಎಂದು ನೋಡುತ್ತಾರೆಯೇ, ಕೊನೆಗೆ ಒತ್ತಡ ಹದ ಮೀರದಂತೆ ತಡೆಯುವ ತುದಿಯ ಗುಂಡಿಯಾದ ರ‍್ಯಾಚೆಟ್ ತಿರುಗಿಸುತ್ತಾರೋ ಅಥವಾ ಅದರ ಪಕ್ಕದ ತಿರುಗುವ ತೋಳಾದ ಥಿಂಬಲನ್ನೇ ನಲ್ಲಿಯಂತೆ ಬಿಗಿಯುತ್ತಾರೋ, ಇಷ್ಟು ನೋಡಿದರೆ ನನಗೆ ಸಾಕು. ಲೀಸ್ಟ್ ಕೌಂಟಿನ ಸೂತ್ರವನ್ನು ಹೆಚ್ಚಿನವರು ತಡವರಿಸದೆ ಒಪ್ಪಿಸುತ್ತಾರೆ. ಬಿಗಿಯುವುದು ಮಾತ್ರ ಥಿಂಬಲನ್ನೇ.

ಉದ್ಯಮಿಗಳ ಸಭೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ಪಠ್ಯಕ್ರಮ ಓಬೀರಾಯನ ಕಾಲದ್ದು. ನಾನು ಒಪ್ಪುವುದಿಲ್ಲ. ಅಳತೆಯ ಮಿತಿ, ಭಾಗಗಳ ಹೊಂದಿಕೆ ಕಲಿಸುವ ಲಿಮಿಟ್ಸ್ ಅಂಡ್ ಫಿಟ್ಸ್ ಪಾಠ ಪಾಲಿಟೆಕ್ನಿಕ್ಕಿನಲ್ಲೂ ಇದೆ, ಎಂಜಿನಿಯರಿಂಗ್ ಕಾಲೇಜಿನಲ್ಲೂ ಇದೆ. ಆದರೆ ಪರೀಕ್ಷೆಯಲ್ಲಿ ಫಿಟ್‌ಗಳ ವಿಧಗಳನ್ನು ಚಿತ್ರಸಹಿತ ವಿವರಿಸಿ ಎಂದು ಕೇಳಿ ಮುಗಿಸುತ್ತಾರೆ. ಲ್ಯಾಬಿನಲ್ಲಿ ಒಂದು ಲೇತ್ ಸುತ್ತ ಇಡೀ ಬ್ಯಾಚ್ ನಿಂತಿರುತ್ತದೆ. ಒಬ್ಬ ಯಂತ್ರ ಮುಟ್ಟುತ್ತಾನೆ, ಉಳಿದವರು ಅವನ ರೀಡಿಂಗನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡ್ ತಿರುವಿ ಹಾಕಿ, ವೈವಾದಲ್ಲಿ ಒಂದೆರಡು ಪ್ರಶ್ನೆ ಕೇಳಿ ಅಂಕ ಹಾಕುತ್ತಾರೆ. ಅಳೆಯದೆಯೇ ಅಂಕ ಸಿಗುವಾಗ ಯಾವ ವಿದ್ಯಾರ್ಥಿ ತಾನಾಗಿ ಅಳೆಯಲು ಹೋಗುತ್ತಾನೆ?

ಈ ಕೊರತೆಗೆ ಕಾಲೇಜುಗಳು ಕೊನೆಯ ಸೆಮಿಸ್ಟರಿನ ಸಾಫ್ಟ್‌ವೇರ್ ಕೋರ್ಸಿನ ತೇಪೆ ಹಚ್ಚುತ್ತಿವೆ. ಇದರಲ್ಲಿ ನಮ್ಮ ಉದ್ಯಮದವರ ಪಾಲೂ ಇದೆ. ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಕುಳಿತ ಕಂಪನಿ ಪ್ರತಿನಿಧಿಗಳು ತಮ್ಮ ತಮ್ಮ ಯಂತ್ರವನ್ನು ನಡೆಸುವ ಗಣಕವಾದ ಕಂಟ್ರೋಲರನ್ನೇ ಕಲಿಸಿ ಎನ್ನುತ್ತಾರೆ. ಒಬ್ಬರಿಗೆ ಫ್ಯಾನುಕ್ ಕಂಪನಿಯದು ಬೇಕು, ಇನ್ನೊಬ್ಬರಿಗೆ ಸೀಮೆನ್ಸ್‌ನದು. ಕಂಟ್ರೋಲರಿನ ಗುಂಡಿಗಳನ್ನು ನಾವೇ ಕೆಲವು ವಾರಗಳಲ್ಲಿ ಕಲಿಸಿಬಿಡಬಹುದು. ಡ್ರಾಯಿಂಗ್ ಓದುವುದು, ಅಳೆಯುವುದು, ತ್ರಿಕೋನಮಿತಿ, ತುಂಡು ಏಕೆ ರಿಜೆಕ್ಟ್ ಆಯಿತೆಂದು ಅರ್ಧ ಪುಟ ಅರ್ಥವಾಗುವಂತೆ ಬರೆಯುವುದು, ಇವನ್ನು ಹೇಳಿಕೊಡಲು ಉತ್ಪಾದನೆಯ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಐದು ವರ್ಷದಲ್ಲಿ ಬದಲಾಗುವುದನ್ನು ಕಂಪನಿ ಕಲಿಸಲಿ, ಉಳಿದದ್ದನ್ನು ಕಾಲೇಜು ಗಟ್ಟಿಯಾಗಿ ಕಲಿಸಲಿ ಎನ್ನುವುದು ನನ್ನ ವಾದ.

ಕಾಲೇಜು, ಕಾರ್ಖಾನೆಗಳ ನಡುವೆ ಕಲಿಕೆಯನ್ನು ಹಂಚುವ ಕ್ರಮ ನಮ್ಮಲ್ಲಿ ಹೊಸದೇನಲ್ಲ. ಡೆನ್ಮಾರ್ಕಿನ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿರುವ ಜಿಟಿಟಿಸಿ, ತರಬೇತಿಯ ಜೊತೆಗೆ ಕೈಗಾರಿಕೆಗಳಿಗೆ ಬೇಕಾದ ಅಚ್ಚುಗಳಾದ ಮೌಲ್ಡ್, ಡೈಗಳನ್ನೂ ಮಾಡಿಕೊಡುತ್ತದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ. ಅಲ್ಲಿಂದ ಬಂದವರಿಗೆ ನಾನು ರ‍್ಯಾಚೆಟ್ ಯಾವುದೆಂದು ತೋರಿಸಬೇಕಾಗಿಲ್ಲ.

ಕಂಪನಿಗಳ ಹೊಣೆ ಕಾನೂನಿನಲ್ಲೇ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ, ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಷ್ಟೋ ಕಡೆ ತೆಗೆದುಕೊಳ್ಳುತ್ತಾರೆ. ವರ್ಷವಿಡೀ ತುಂಡುಗಳ ಅಂಚಿನ ಚೂಪು ಒರಟನ್ನು, ಅಂದರೆ ಬರ್ ತೆಗೆಸಿ, ಪೆಟ್ಟಿಗೆ ಕಟ್ಟಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಕೊಪ್ಪಳದಿಂದಲೋ ಯಾದಗಿರಿಯಿಂದಲೋ ಬಂದ ಹುಡುಗ ಪೀಣ್ಯದಲ್ಲಿ ಪಿ.ಜಿ. ಬಾಡಿಗೆ ಕಟ್ಟಿ, ಉಳಿದ ಸ್ಟೈಪೆಂಡಿನಲ್ಲಿ ಊಟಕ್ಕೆ ಲೆಕ್ಕ ಹಾಕುತ್ತಾನೆ. ಕಲಿಯಲು ಬಂದವನಿಗೆ ಬರ್ ತೆಗೆಯುವ ಅರವೇ ಪಠ್ಯಪುಸ್ತಕವಾದರೆ ಅವನು ಆರು ತಿಂಗಳಲ್ಲಿ ಡೆಲಿವರಿ ಕೆಲಸಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಕಾಲೇಜಿನವರು ಸಲಹೆ ಕೇಳಿದಾಗ ಹೊಸ ವಿಷಯ ಸೇರಿಸಬೇಡಿ ಎನ್ನುತ್ತೇನೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ತುಂಡು ಕೊಡಿ, ಒಟ್ಟು ಅಂಕದಲ್ಲಿ ಅರ್ಧದಷ್ಟು ಅಳತೆ ಸರಿಬಂದರೆ ಮಾತ್ರ ಎಂದು ಮಾಡಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಡ. ರಿಜೆಕ್ಟ್ ಆದ ತುಂಡುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಸಿಇಟಿ ಆಪ್ಷನ್ ಎಂಟ್ರಿಗೆ ಕುಳಿತಿರುವ ಪೋಷಕರಿಗೂ ಒಂದು ಮಾತು. ಕಾಲೇಜಿನ ಗೇಟಿನಲ್ಲಿ ತೂಗುಹಾಕಿದ ಪ್ಲೇಸ್‌ಮೆಂಟ್ ಫಲಕದಲ್ಲಿರುವುದು ಆಫರ್ ಲೆಟರ್‌ಗಳ ಲೆಕ್ಕ. ಕಳೆದ ವರ್ಷ ಕೆಲಸಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಈಗಲೂ ಕೆಲಸದಲ್ಲಿದ್ದಾರೆ, ಒಂದು ಲೇತ್‌ಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ಲ್ಯಾಬ್ ತೋರಿಸಲು ಹಿಂದೆಮುಂದೆ ನೋಡಿದರೆ ಪಟ್ಟಿಯಲ್ಲಿ ಮುಂದಿನ ಕಾಲೇಜನ್ನು ನೋಡಿ.