ನೆಟ್ ಬಂದ್: ಅಧಿಕಾರ ಯಾರದ್ದು, ಆದೇಶದ ಕಾಗದ ಎಲ್ಲಿ?

ಇಂಟರ್ನಲ್ಸ್‌ಗೆ "ಇಂಟರ್ನೆಟ್ ಸ್ವಾತಂತ್ರ್ಯ ಮತ್ತು ಸರ್ಕಾರದ ಅಧಿಕಾರ" ಅಂತ ಹತ್ತು ಮಾರ್ಕಿನ ಪ್ರಶ್ನೆ ಬರುವ ಚಾನ್ಸ್ ಉಂಟು ಅಂತ ಎಲ್ರಿಗೂ ಗೊತ್ತು, ಆದ್ರೆ ನಮ್ಮ ಗ್ರೂಪಲ್ಲಿ ಓಡಾಡ್ತಿರುವ ನೋಟ್ಸ್ ನೋಡಿದ್ರೆ ಮಾತಾಡುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಅಂತ ಒಂದು ಸಾಲು, "ಆದರೆ ಈ ಹಕ್ಕಿಗೆ ಮಿತಿಗಳಿವೆ" ಅಂತ ಇನ್ನೊಂದು ಸಾಲು, ಅಲ್ಲಿಗೆ ಮುಗೀತು. ಅದನ್ನು ಬಾಯಿಪಾಠ ಮಾಡಿದ್ರೆ ಪಾಸಾಗ್ಬಹುದು, ವಿಷಯ ಅರ್ಥ ಆಗುದಿಲ್ಲ. ನಾನು ಈ ಟಾಪಿಕ್ ಸ್ವಲ್ಪ ಜಾಸ್ತಿಯೇ ಓದಿದ್ದೇನೆ, ಕಾರಣ ಸಿಲೆಬಸ್ ಅಲ್ಲ, ನಮ್ಮ ಮನೆಯಲ್ಲೇ ಆದ ಒಂದು ಸಂಗತಿ.

2019ರ ಡಿಸೆಂಬರ್, ನಾನು ಎಂಟನೇ ಕ್ಲಾಸು, ನಮ್ಮ ಮನೆ ಬಂಟ್ವಾಳ ಹತ್ರ. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ದೇಶ ಇಡೀ ಪ್ರತಿಭಟನೆ ನಡೀತಿತ್ತು, 19ನೇ ತಾರೀಕು ಮಂಗಳೂರಲ್ಲಿ ಗೋಲಿಬಾರ್ ಆಗಿ ಇಬ್ರು ತೀರಿಕೊಂಡ್ರು, ಕರ್ಫ್ಯೂ ಬಂತು, ಅದೇ ರಾತ್ರಿಯಿಂದ ದಕ್ಷಿಣ ಕನ್ನಡ ಜಿಲ್ಲೆಗೆ ಪೂರ್ತಿ 48 ಗಂಟೆ ಮೊಬೈಲ್ ಇಂಟರ್ನೆಟ್ ಬಂದ್. ಅಕ್ಕ ಆಗ ಮಂಗಳೂರಲ್ಲಿ ನರ್ಸಿಂಗ್ ಓದ್ತಾ ಹಾಸ್ಟೆಲಲ್ಲಿ ಇದ್ದಳು. ಕಾಲ್ ಹೋಗ್ತಿತ್ತು, ಅವಳು "ಎಂತ ಆಗ್ಲಿಲ್ಲ ಅಮ್ಮ, ಗೇಟ್ ಹಾಕಿದ್ದಾರೆ, ಒಳಗೇ ಇದ್ದೇವೆ" ಅಂತ ಹೇಳ್ತಿದ್ದಳು, ಆದ್ರೆ ಅಮ್ಮನಿಗೆ ದಿನಾ ರಾತ್ರಿ ವಿಡಿಯೋ ಕಾಲಲ್ಲಿ ಅವಳ ಮುಖ ನೋಡಿ ಅಭ್ಯಾಸ, ಮುಖ ಕಾಣದೆ ಸಮಾಧಾನ ಇಲ್ಲ. ಅಪ್ಪನ ಗೂಡಂಗಡಿಯಲ್ಲಿ ಆ ವರ್ಷವೇ ಸ್ಕ್ಯಾನ್ ಮಾಡುವ ಸ್ಟಿಕ್ಕರ್ ಅಂಟಿಸಿದ್ದು, ಎರಡು ದಿನ ಗಿರಾಕಿಗಳೆಲ್ಲ "ನೆಟ್ ಬಂದ ಮೇಲೆ ಹಾಕ್ತೇನೆ" ಅಂತ ಹೇಳಿ ಸಾಲ ಬರೆಸಿ ಹೋದ್ರು.

ನಂಗೆ ಈಗ್ಲೂ ನೆನಪಿರುದು ಅದಕ್ಕಿಂತ ಬೇರೆ. ಗಾಳಿಸುದ್ದಿ ಹರಡ್ಬಾರ್ದು ಅಂತ ನೆಟ್ ನಿಲ್ಲಿಸಿದ್ದು ಅಂತ ಹೇಳಿದ್ರು, ಆದ್ರೆ ಗಾಳಿಸುದ್ದಿ ನಿಲ್ಲಲೇ ಇಲ್ಲ. ಬಸ್‌ಸ್ಟ್ಯಾಂಡಲ್ಲಿ, ಹಾಲಿನ ಡೈರಿಯಲ್ಲಿ, ಫೋನ್ ಕಾಲಲ್ಲಿ ಬಂತು, ಅಷ್ಟು ಜನ ಸತ್ರಂತೆ, ಅಲ್ಲಿ ಬೆಂಕಿಯಂತೆ, ಇಲ್ಲಿಗೂ ಬರ್ತಾರಂತೆ. ಸುದ್ದಿ ಬರುದು ನಿಲ್ಲಲಿಲ್ಲ, ಬಂದ ಸುದ್ದಿ ಸರಿಯಾ ತಪ್ಪಾ ಅಂತ ನೋಡುವ ದಾರಿ ಮಾತ್ರ ನಿಂತುಹೋಯ್ತು.

ಅದೇ 19ನೇ ತಾರೀಕು ಅಸ್ಸಾಮಲ್ಲಿ ಆದದ್ದು ನೋಡಿ. ಅಲ್ಲೂ ಅದೇ ಕಾಯ್ದೆ ವಿರುದ್ಧ ಪ್ರತಿಭಟನೆ, ಒಂದು ವಾರದಿಂದ ಮೊಬೈಲ್ ನೆಟ್ ಇರ್ಲಿಲ್ಲ, ಗುವಾಹಟಿ ಹೈಕೋರ್ಟ್ ಈಗ್ಲೂ ಬಂದ್ ಮುಂದುವರಿಸ್ಬೇಕು ಅನ್ಲಿಕ್ಕೆ ಆಧಾರ ಎಂತ ಉಂಟು ಅಂತ ಸರ್ಕಾರದ ಹತ್ರ ಕೇಳಿತು, ಸರಿಯಾದ ಆಧಾರ ಕಾಣದೆ ಇದ್ದದ್ದಕ್ಕೆ ಅವತ್ತು ಸಂಜೆಯೊಳಗೆ ಮೊಬೈಲ್ ಇಂಟರ್ನೆಟ್ ವಾಪಸ್ ಕೊಡಿ ಅಂತ ಆದೇಶ ಮಾಡಿತು. ಒಂದೇ ದಿನ ಒಂದು ಕಡೆ ಸ್ವಿಚ್ ಆಫ್, ಇನ್ನೊಂದು ಕಡೆ ಕೋರ್ಟ್ ಹೇಳಿ ಸ್ವಿಚ್ ಆನ್. ಈ ಎರಡನ್ನು ಅಕ್ಕಪಕ್ಕ ಇಟ್ಟು ಓದಿದ್ರೆ ಇಡೀ ಟಾಪಿಕ್ ಬಿಚ್ಚಿಕೊಳ್ತದೆ.

ಮೊದಲು ಒಂದು ಗೊಂದಲ ತೆಗೆಯುವ. ಸರ್ಕಾರದ ಕೈಯಲ್ಲಿ ಎರಡು ಬೇರೆ ಬೇರೆ ಅಧಿಕಾರ ಉಂಟು, ನಮ್ಮ ನೋಟ್ಸಲ್ಲಿ ಎರಡನ್ನೂ ಕಲಸಿ ಬಿಟ್ಟಿದ್ದಾರೆ. ಒಂದು, ಒಂದು ಜಾಗದ ಇಂಟರ್ನೆಟ್ಟನ್ನೇ ಪೂರ್ತಿ ನಿಲ್ಲಿಸುದು. ಇನ್ನೊಂದು, ನೆಟ್ ಇದ್ದ ಹಾಗೇ ಇರ್ತದೆ, ಯಾವುದೋ ಒಂದು ಪೋಸ್ಟ್, ಅಕೌಂಟ್, ವೆಬ್‌ಸೈಟ್, ಆ್ಯಪ್ ಮಾತ್ರ ಬ್ಲಾಕ್ ಮಾಡುದು. 2020ರ ಜೂನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ಹೋದದ್ದು ಎರಡನೇದ್ರಲ್ಲಿ, ಮಂಗಳೂರಲ್ಲಿ ಆದದ್ದು ಮೊದಲನೇದ್ರಲ್ಲಿ. ಕಾನೂನೂ ಬೇರೆ ಬೇರೆ.

ಪೂರ್ತಿ ನಿಲ್ಲಿಸುವ ಅಧಿಕಾರದ ಬೇರು ಬ್ರಿಟಿಷರ ಕಾಲದ್ದು, 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 5(2). ತಂತಿ ಸಂದೇಶ ತಡೀಲಿಕ್ಕೆ ಅಂತ ಬರೆದ ಕಾನೂನಿಗೆ 2017ರಲ್ಲಿ ಟೆಲಿಕಾಂ ಸೇವೆ ನಿಲ್ಲಿಸುವ ನಿಯಮ ಅಂತ ಮಾಡಿದ್ರು. ಅದ್ರ ಪ್ರಕಾರ ಆದೇಶ ಮಾಡುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ, ಕಾರಣ ಬರೆದೇ ಮಾಡ್ಬೇಕು, ಆಮೇಲೆ ಒಂದು ಪರಿಶೀಲನಾ ಸಮಿತಿ ಐದು ಕೆಲಸದ ದಿನದೊಳಗೆ ಅದನ್ನು ನೋಡ್ಬೇಕು. ಕೇಳ್ಲಿಕ್ಕೆ ಚೆಂದ ಉಂಟು, ಆದ್ರೆ ರಾಜ್ಯದ ಸಮಿತಿಗೆ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ, ಜೊತೆಗೆ ಕಾನೂನು ಕಾರ್ಯದರ್ಶಿ, ಮತ್ತೊಬ್ಬ ಕಾರ್ಯದರ್ಶಿ. ಎಲ್ರೂ ಸರ್ಕಾರದವರೇ. ಒಬ್ಬ ನಿವೃತ್ತ ಜಡ್ಜ್ ಆದ್ರೂ ಇಲ್ಲ. ನನ್ನ ಪ್ರಕಾರ ಈ ವ್ಯವಸ್ಥೆಯ ದೊಡ್ಡ ತೂತು ಇದೇ. ಈಗ 2023ರ ಹೊಸ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಬಂದಿದೆ, 2024ರಲ್ಲಿ ಹೊಸ ನಿಯಮವೂ ಬಂತು, ಹಾಗಾಗಿ ಉತ್ತರದಲ್ಲಿ ಬರೀ ಟೆಲಿಗ್ರಾಫ್ ಕಾಯ್ದೆ ಅಂತ ಬರೆದು ನಿಲ್ಲಿಸ್ಬೇಡಿ.

ಇನ್ನು ಮುಖ್ಯ ಕೇಸು, ಸುಪ್ರೀಂ ಕೋರ್ಟಿನ ಅನುರಾಧಾ ಭಾಸಿನ್ ತೀರ್ಪು, 2020ರ ಜನವರಿ 10. ಆರ್ಟಿಕಲ್ 370 ವಿಷಯಕ್ಕೆ 2019ರ ಆಗಸ್ಟ್ ಮೊದಲ ವಾರ ಜಮ್ಮು ಕಾಶ್ಮೀರದಲ್ಲಿ ಫೋನು ನೆಟ್ಟು ಎಲ್ಲ ನಿಲ್ಲಿಸಿದ್ರು. ಅರ್ಜಿ ಹಾಕಿದವರು ಕಾಶ್ಮೀರ್ ಟೈಮ್ಸ್ ಪತ್ರಿಕೆಯ ಕಾರ್ಯನಿರ್ವಾಹಕ ಸಂಪಾದಕಿ, ಅವರ ಮಾತು ಸೀದಾ, ನೆಟ್ ಇಲ್ಲದೆ ನಾವು ಪೇಪರ್ ಹೊರಡಿಸುದು ಹೇಗೆ ಅಂತ. ಇಲ್ಲಿ ಹೆಚ್ಚಿನವರು ತಪ್ಪು ಬರೀತಾರೆ, "ಇಂಟರ್ನೆಟ್ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಘೋಷಿಸಿತು" ಅಂತ. ಕೋರ್ಟ್ ಹಾಗೆ ಹೇಳ್ಲಿಲ್ಲ. ಇಂಟರ್ನೆಟ್ ಮೂಲಕ ಮಾತಾಡುದಕ್ಕೆ 19(1)(ಎ) ರಕ್ಷಣೆ ಉಂಟು, ಇಂಟರ್ನೆಟ್ ಮೂಲಕ ವ್ಯಾಪಾರ ವೃತ್ತಿ ಮಾಡುದಕ್ಕೆ 19(1)(ಜಿ) ರಕ್ಷಣೆ ಉಂಟು ಅಂತ ಹೇಳಿತು. ಈ ಎರಡನೇ ಅರ್ಧವನ್ನು ಯಾರೂ ಬರಿಯುದಿಲ್ಲ, ನಂಗೆ ಮಾತ್ರ ಅದು ಓದುವಾಗ ಅಪ್ಪನ ಅಂಗಡಿಯ ಸಾಲದ ಪುಸ್ತಕ ಕಣ್ಣಿಗೆ ಬಂತು, ನೆಟ್ ಅಂದ್ರೆ ಬರೀ ಭಾಷಣ ಅಭಿಪ್ರಾಯ ಅಲ್ಲ, ಚಾ ಸಿಗರೇಟಿನ ಲೆಕ್ಕವೂ ಅದ್ರೊಳಗೇ ಉಂಟು.

ನೆಟ್ ಸಿಗುದೇ ಒಂದು ಹಕ್ಕು ಅನ್ನುವ ಹತ್ತಿರಕ್ಕೆ ಹೋದದ್ದು ಕೇರಳ ಹೈಕೋರ್ಟ್, 2019ರ ಸೆಪ್ಟೆಂಬರಲ್ಲಿ. ಲೇಡೀಸ್ ಹಾಸ್ಟೆಲಲ್ಲಿ ಓದುವ ಹೊತ್ತಲ್ಲಿ ಮೊಬೈಲ್ ಕೊಟ್ಟುಬಿಡ್ಬೇಕು ಅಂತ ರೂಲ್ ಇತ್ತು, ಒಬ್ಬ ವಿದ್ಯಾರ್ಥಿನಿ ಆಗುದಿಲ್ಲ ಅಂದಳು, ಹಾಸ್ಟೆಲಿಂದ ಹೊರಗೆ ಹಾಕಿದ್ರು, ಅವಳು ಕೋರ್ಟಿಗೆ ಹೋದಳು. ಇಂಟರ್ನೆಟ್ ಬಳಸುದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ ಅವಳನ್ನು ವಾಪಸ್ ಸೇರಿಸ್ಲಿಕ್ಕೆ ಹೇಳಿತು. ನಮ್ಮ ಹಾಗೇ ಡಿಗ್ರಿ ಓದುವ ಹುಡುಗಿ ಅವಳು. ಖಾಸಗಿತನ ಮೂಲಭೂತ ಹಕ್ಕು ಅನ್ನುದಕ್ಕೆ ಮೂಲ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟಿನ ಪುಟ್ಟಸ್ವಾಮಿ ತೀರ್ಪು, ಒಂಬತ್ತು ಜಡ್ಜ್‌ಗಳ ಪೀಠ, ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಇದು ನಮ್ಮವರಿಗೆ ಗೊತ್ತಿರ್ಲೇಬೇಕು.

ಭಾಸಿನ್ ಕೇಸಿಗೆ ವಾಪಸ್ ಬರುವ. ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸ್ಬೇಕು ಅಂತ ಕೋರ್ಟ್ ಹೇಳಿತು, ಯಾಕೆ ಅಂದ್ರೆ ಕಾಗದ ಕೈಗೆ ಸಿಗದೆ ಇದ್ರೆ ಜನ ಅದನ್ನು ಕೋರ್ಟಲ್ಲಿ ಪ್ರಶ್ನೆ ಮಾಡುದು ಹೇಗೆ? ಆ ಕೇಸಲ್ಲೇ ಸರ್ಕಾರ ಎಲ್ಲ ಆದೇಶವನ್ನು ಕೋರ್ಟಿನ ಎದುರು ಇಡ್ಲಿಲ್ಲ. ಮತ್ತೆ, ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಏಳು ದಿನಕ್ಕೊಮ್ಮೆ ಪರಿಶೀಲನೆ ಮಾಡ್ಬೇಕು ಅಂತ ಹೇಳಿತು, ಆಮೇಲೆ ನಿಯಮದಲ್ಲೇ ಒಂದು ಆದೇಶಕ್ಕೆ 15 ದಿನದ ಮಿತಿ ಬಂತು. ಇಷ್ಟೆಲ್ಲ ಹೇಳಿದ ಕೋರ್ಟ್ ನೆಟ್ ವಾಪಸ್ ಕೊಡಿ ಅಂತ ಮಾತ್ರ ಹೇಳ್ಲಿಲ್ಲ, ನೀವೇ ಪರಿಶೀಲಿಸಿ ಅಂತ ಬಿಟ್ಟಿತು. ಅಲ್ಲಿ 4ಜಿ ಪೂರ್ತಿ ಬಂದದ್ದು 2021ರ ಫೆಬ್ರವರಿ 5ಕ್ಕೆ, ಒಂದೂವರೆ ವರ್ಷ. ಮಧ್ಯದಲ್ಲಿ ಕೊರೊನಾ ಬಂತು, ನಾವಿಲ್ಲಿ ಗುಡ್ಡೆ ಹತ್ತಿ ನೆಟ್‌ವರ್ಕ್ ಹುಡುಕಿ ಆನ್‌ಲೈನ್ ಕ್ಲಾಸ್ ಕೇಳಿದ್ದು ಕಷ್ಟ ಅಂತ ಹೇಳ್ತೇವೆ, ಅಲ್ಲಿಯ ಮಕ್ಕಳು 2ಜಿಯಲ್ಲಿ ಕ್ಲಾಸ್ ಕೇಳ್ಬೇಕಿತ್ತು. ತತ್ವ ಗೆದ್ದಿತು, ಅರ್ಜಿ ಹಾಕಿದವರಿಗೆ ಎಂತ ಸಿಕ್ಕಿತು ಅಂತ ಕೇಳಿದ್ರೆ ಉತ್ತರ ಹೇಳ್ಲಿಕ್ಕೆ ಕಷ್ಟ ಆಗ್ತದೆ, ಇದನ್ನು ನೀವು ಉತ್ತರದಲ್ಲಿ ಬರೆಯಲೇಬೇಕು ಅಂತ ನನ್ನ ಆಸೆ.

ಈ ತೀರ್ಪಿಂದ ನಾವು ತೆಗೆದುಕೊಳ್ಬೇಕಾದ ಹತ್ಯಾರು ಅಂದ್ರೆ ಪ್ರಪೋರ್ಷನಾಲಿಟಿ. ಹೆಸರು ಕೇಳಿ ಹೆದರ್ಬೇಡಿ, ಇಲಿ ಓಡಿಸ್ಲಿಕ್ಕೆ ಮನೆಗೇ ಬೆಂಕಿ ಹಾಕ್ಬಾರ್ದು ಅಂತ ಅಷ್ಟೇ. ಉದ್ದೇಶ ಸರಿಯಾ, ಈ ಕ್ರಮದಿಂದ ಆ ಉದ್ದೇಶ ನಿಜವಾಗಿ ಈಡೇರ್ತದಾ, ಇದಕ್ಕಿಂತ ಕಮ್ಮಿ ತೊಂದರೆಯ ದಾರಿ ಇತ್ತಾ, ಆಗುವ ನಷ್ಟಕ್ಕೆ ಸಿಗುವ ಲಾಭ ತಕ್ಕದ್ದಾ, ಹೀಗೆ ನಾಲ್ಕು ಪ್ರಶ್ನೆ. 2021ರ ಸೆಪ್ಟೆಂಬರಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕಾಪಿ ಹೊಡೀಬಾರ್ದು ಅಂತ ಎಷ್ಟೋ ಜಿಲ್ಲೆಯ ಮೊಬೈಲ್ ನೆಟ್ ನಿಲ್ಲಿಸಿದ್ರು, ಅದಕ್ಕೆ ಹಾಕಿ ನೋಡಿ. ಉದ್ದೇಶ ಸರಿ. ಎರಡನೇದ್ರಲ್ಲೇ ತಡವರಿಸ್ತದೆ, ಅಷ್ಟು ಮಾಡಿಯೂ ಆ ಪರೀಕ್ಷೆಯ ಪೇಪರ್ ಲೀಕ್ ಆಗಿ ಕೊನೆಗೆ ಒಂದು ಹಂತದ ಪರೀಕ್ಷೆಯನ್ನೇ ರದ್ದು ಮಾಡಿದ್ರು. ಮೂರನೇದು ಪೂರ್ತಿ ಫೇಲ್, ಪರೀಕ್ಷಾ ಹಾಲ್‌ನ ಬಾಗಿಲಲ್ಲಿ ಚೆಕ್ ಮಾಡ್ಬಹುದಿತ್ತು, ಜಾಮರ್ ಇಡ್ಬಹುದಿತ್ತು. ನಾಲ್ಕನೇದು ಕೇಳುದೇ ಬೇಡ, ಪರೀಕ್ಷೆಗೂ ತನಗೂ ಸಂಬಂಧ ಇಲ್ಲದ ಆಟೋದವ, ಮೆಡಿಕಲ್ ಶಾಪಿನವ ಎಲ್ಲ ಒದ್ದಾಡ್ಬೇಕು.

ಹಾಗಂತ ಗಾಳಿಸುದ್ದಿ ಸಣ್ಣ ವಿಷಯ ಅಂತ ನಾನು ಹೇಳುದಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುಳ್ಳಿಗೆ ಹೈದರಾಬಾದಿಂದ ಬಂದಿದ್ದ ಒಬ್ಬ ಇಂಜಿನಿಯರನ್ನು ಜನ ಹೊಡೆದು ಕೊಂದ್ರು. 2012ರ ಆಗಸ್ಟಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದ್ರು. ಆದ್ರೆ ಆಗ ಮಾಡಿದ್ದು ನೋಡಿ, 2012ರಲ್ಲಿ ಫೋನ್ ಬಂದ್ ಮಾಡ್ಲಿಲ್ಲ, ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಕೆಲವು ದಿನ ಮಿತಿ ಹಾಕಿದ್ರು, ಈಶಾನ್ಯಕ್ಕೆ ಹೋಗುವ ಜನರ ಹತ್ರ ಹೋಗಿ ಧೈರ್ಯ ಹೇಳಿದ್ರು. 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಮಾಡಿತು. ಐದು ಎಸ್ಸೆಮ್ಮೆಸ್ಸಿನ ಮಿತಿಯೂ ಎಷ್ಟೋ ಜನರಿಗೆ ತೊಂದರೆ ಕೊಟ್ಟಿರ್ಬಹುದು, ಆದ್ರೂ ಅಮ್ಮನಿಗೆ ಮಗಳು ಸಿಗ್ತಾಳೆ, ಅಂಗಡಿ ನಡೀತದೆ. ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಗ್ಲಿಲ್ಲ, ಎರಡು ಘಟನೆಯೂ ನಮ್ಮ ರಾಜ್ಯದ್ದೇ.

ಬ್ಲಾಕ್ ಮಾಡುವ ಅಧಿಕಾರ ಬೇಗ ಹೇಳಿ ಮುಗಿಸ್ತೇನೆ. ಐಟಿ ಕಾಯ್ದೆ 2000, ಸೆಕ್ಷನ್ 69ಎ. ಇದನ್ನೂ 66ಎಯನ್ನೂ ಅದಲುಬದಲು ಮಾಡ್ಬೇಡಿ. 66ಎ ಅಂದ್ರೆ ಕಿರಿಕಿರಿ ಆಗುವ ಹಾಗೆ, ಅನಾನುಕೂಲ ಆಗುವ ಹಾಗೆ ಆನ್‌ಲೈನಲ್ಲಿ ಬರೆದ್ರೆ ಮೂರು ವರ್ಷದವರೆಗೆ ಜೈಲು ಅಂತ ಇದ್ದದ್ದು. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಯಾಕೆ ಅಂತ ಫೇಸ್‌ಬುಕ್ಕಲ್ಲಿ ಕೇಳಿದ ಒಬ್ಬ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಅವಳ ಫ್ರೆಂಡನ್ನೂ ಪಾಲ್ಘರಲ್ಲಿ ಅರೆಸ್ಟ್ ಮಾಡಿದ್ರು. ಅದನ್ನು ನೋಡಿ ಶ್ರೇಯಾ ಸಿಂಘಾಲ್ ಅನ್ನುವ ಯುವತಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ರು, 2015ರ ಮಾರ್ಚ್ 24ಕ್ಕೆ 66ಎ ಬಿದ್ದುಹೋಯ್ತು. ಬಿದ್ದ ಮೇಲೂ ಪೊಲೀಸ್ ಸ್ಟೇಷನ್‌ಗಳಲ್ಲಿ ಅದೇ ಸೆಕ್ಷನ್ ಹಾಕಿ ಕೇಸ್ ಬರೀತಿದ್ರು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ನಿಲ್ಲಿಸಿ ಅಂತ ಹೇಳ್ಬೇಕಾಯ್ತು. ಅದೇ 2015ರ ತೀರ್ಪಲ್ಲಿ 69ಎ ಮಾತ್ರ ಉಳೀತು, ಕಾರಣ ಅದ್ರಲ್ಲಿ ಲಿಖಿತ ಕಾರಣ, ಸಮಿತಿ, ನೋಟಿಸ್ ಅಂತ ರಕ್ಷಣೆ ಉಂಟು ಅಂತ. ಆದ್ರೆ ಅದ್ರ 2009ರ ನಿಯಮದಲ್ಲಿ 16ನೇದು ಓದಿ, ದೂರು, ಕ್ರಮ ಎಲ್ಲ ಗುಟ್ಟಾಗಿ ಇಡ್ಬೇಕು ಅಂತ ಉಂಟು. ಪೋಸ್ಟ್ ಹಾಕಿದವನಿಗೆ ತನ್ನದು ಯಾಕೆ ಹೋಯ್ತು ಅಂತ ಗೊತ್ತಾಗದೆ ಇದ್ರೆ ಆ ರಕ್ಷಣೆ ಯಾರಿಗೆ?

ಈ ಜಗಳ ನಮ್ಮ ಹೈಕೋರ್ಟಿಗೂ ಬಂತು. ಟ್ವಿಟರ್ ಬ್ಲಾಕಿಂಗ್ ಆದೇಶಗಳ ವಿರುದ್ಧ ಬೆಂಗಳೂರಲ್ಲಿ ಅರ್ಜಿ ಹಾಕಿತ್ತು, 2023ರ ಜೂನ್ 30ಕ್ಕೆ ಅರ್ಜಿ ವಜಾ, ಮೇಲಿಂದ 50 ಲಕ್ಷ ರೂಪಾಯಿ ದಂಡ. 2025ರ ಸೆಪ್ಟೆಂಬರಲ್ಲಿ ಸಹಯೋಗ್ ಪೋರ್ಟಲ್ (ಪೋಸ್ಟ್ ತೆಗೀರಿ ಅಂತ ಸರ್ಕಾರದವರು ಕಂಪನಿಗಳಿಗೆ ನೋಟಿಸ್ ಕಳಿಸುವ ವೆಬ್‌ಸೈಟ್) ವಿರುದ್ಧ ಎಕ್ಸ್, ಅಂದ್ರೆ ಹಳೇ ಟ್ವಿಟರ್, ಹಾಕಿದ ಅರ್ಜಿಯೂ ವಜಾ ಆಯ್ತು, 69ಎಯ ರಕ್ಷಣೆಗಳನ್ನು ಬದಿಗಿಟ್ಟು, ಬಳಕೆದಾರರ ಪೋಸ್ಟಿಗೆ ಕಂಪನಿ ಯಾವಾಗ ಹೊಣೆ ಅಂತ ಹೇಳುವ ಸೆಕ್ಷನ್ 79ರ ದಾರಿಯಲ್ಲಿ ಪೋಸ್ಟ್ ತೆಗೆಸ್ತಾರೆ ಅನ್ನುದು ಕಂಪನಿಯ ವಾದ ಆಗಿತ್ತು. ಸೋಷಿಯಲ್ ಮೀಡಿಯಾಕ್ಕೆ ಲಗಾಮು ಬೇಕು ಅಂತ ಕೋರ್ಟ್ ಹೇಳಿದ್ದನ್ನು ನಾನು ಒಪ್ತೇನೆ, ಹೆಣ್ಮಕ್ಕಳ ಫೋಟೋ ತಿರುಚಿ ಹಾಕುವವರನ್ನು ನಾವೆಲ್ಲ ಕಂಡಿದ್ದೇವೆ. ಆದ್ರೆ ಈ ಕೇಸುಗಳಲ್ಲಿ ದೊಡ್ಡ ಕಂಪನಿ ಒಂದು ಕಡೆ, ಸರ್ಕಾರ ಒಂದು ಕಡೆ, ಬರೆದ ಮನುಷ್ಯ ಎಲ್ಲಿದ್ದಾನೆ? ಅವನ ಕೈಗೆ ಒಂದು ಚೀಟಿಯೂ ಬರುದಿಲ್ಲ.

ನನ್ನ ನಿಲುವು ಇಷ್ಟು, ಒಪ್ಪದಿದ್ರೆ ಕ್ಲಾಸಲ್ಲಿ ಜಗಳ ಆಡುವ. ಸರ್ಕಾರಕ್ಕೆ ಈ ಅಧಿಕಾರ ಬೇಡವೇ ಬೇಡ ಅಂತ ನಾನು ಹೇಳುದಿಲ್ಲ. ಆದೇಶ ಅವತ್ತೇ ಕನ್ನಡದಲ್ಲಿ ಗ್ರಾಮ ಪಂಚಾಯ್ತಿ ಬೋರ್ಡಿಗೆ ಬರ್ಬೇಕು, ಯಾವ ಕಾರಣ, ಎಷ್ಟು ಗಂಟೆ, ಯಾವ ಯಾವ ತಾಲೂಕು ಅಂತ, ಪರಿಶೀಲನಾ ಸಮಿತಿಯಲ್ಲಿ ಸರ್ಕಾರದ ಹೊರಗಿನವರು ಇರ್ಬೇಕು. ದೇಶದಲ್ಲಿ ಎಷ್ಟು ಸಲ ನೆಟ್ ನಿಲ್ಲಿಸಿದ್ದಾರೆ ಅಂತ ಕೇಂದ್ರದ ಇಲಾಖೆಗಳ ಹತ್ರ ಲೆಕ್ಕವೇ ಇಲ್ಲ ಅಂತ 2021ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಬರೀತು, ಆ ಲೆಕ್ಕ ಇಡ್ಬೇಕು. ಈಗ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುದು ನೆಟ್ಟಲ್ಲಿ, ಪಹಣಿ ನೆಟ್ಟಲ್ಲಿ, ಸಿಇಟಿ ಆಪ್ಷನ್ ಎಂಟ್ರಿ ನೆಟ್ಟಲ್ಲಿ, ಎಲ್ಲ ಆನ್‌ಲೈನ್ ಮಾಡಿ ಅಂತ ಹೇಳಿದ್ದು ಸರ್ಕಾರವೇ, ಹಾಗಿರುವಾಗ 2019ಕ್ಕಿಂತ ಇವತ್ತು 48 ಗಂಟೆ ಬಂದ್ ಆದ್ರೆ ಎಷ್ಟು ಭಾರ ಆಗ್ತದೆ ಯೋಚನೆ ಮಾಡಿ.

ಶನಿವಾರ ಲೈಬ್ರರಿಯಲ್ಲಿ ಕೂರುವವರು ಯಾವುದಾದ್ರೂ ಒಂದು ನೆಟ್ ಬಂದ್ ಆದೇಶದ ಪ್ರತಿ ಹುಡುಕಿ ತನ್ನಿ, ಯಾವ ರಾಜ್ಯದ್ದಾದ್ರೂ ಅಡ್ಡಿಯಿಲ್ಲ, ನಾಲ್ಕು ಪ್ರಶ್ನೆ ಹಾಕಿ ಒಟ್ಟಿಗೆ ನೋಡುವ. ಅಕ್ಕನಿಗೆ ಆ ದಿನ ರಜೆ ಉಂಟು, ಹಾಸ್ಟೆಲ್ ಗೇಟಿನ ಒಳಗೆ ಆ ಎರಡು ದಿನ ಹೇಗಿತ್ತು ಅಂತ ಬಂದು ಹೇಳ್ತೇನೆ ಅಂದಿದ್ದಾಳೆ.