ಹಾಡು ನಿಲ್ಲಲ್ಲ, ಫೈಲ್ ಮಾತ್ರ ನಿಲ್ತದೆ

ಮಂಡ್ಯದಲ್ಲಿ ಒಂದು ಆಡಿಟರ್ ಆಫೀಸು. ಅಲ್ಲಿ ಅಕೌಂಟ್ಸ್ ನೋಡ್ಕೊಳ್ಳೋ ಮೇಡಂ, ನೆಟ್ವರ್ಕ್ ರಿಪೇರಿ ನೋಡೋ ನನಗೆ ಫೋನ್ ಮಾಡಿದ್ರು. 'ಸಾರ್, ಯೂಟ್ಯೂಬಲ್ಲಿ ಹಾಡು ಓಡ್ತಾನೇ ಇರ್ತದೆ, ಸರ್ವರಲ್ಲಿರೋ ಎಕ್ಸೆಲ್ ಫೈಲ್ ಸೇವ್ ಮಾಡೋವಾಗ ಮಾತ್ರ ಕೈ ಕೊಡ್ತದೆ. ನೆಟ್ವರ್ಕ್ ಹೋಗಿದ್ರೆ ಹಾಡೂ ನಿಲ್ಬೇಕಿತ್ತಲ್ವಾ?'

ಒಳ್ಳೇ ಪ್ರಶ್ನೆ. ಹಾಡು ಮುಂದಿನ ಒಂದಷ್ಟು ಭಾಗವನ್ನ ಮೊದಲೇ ಇಳಿಸಿ ಇಟ್ಕೊಂಡಿರುತ್ತೆ. ಬೀದಿ ನಲ್ಲೀಲಿ ನೀರು ನಿಂತ್ರೂ ಮೇಲಿನ ಟ್ಯಾಂಕಲ್ಲಿ ಇರೋ ತನಕ ಮನೆಯವರಿಗೆ ಗೊತ್ತೇ ಆಗಲ್ವಲ್ಲ, ಹಂಗೆ. ಸರ್ವರ್, ಅಂದ್ರೆ ಆಫೀಸಿನ ಫೈಲೆಲ್ಲ ಇಟ್ಟಿರೋ ಕಂಪ್ಯೂಟರು, ಅದರಲ್ಲಿರೋ ಫೈಲಿಗೆ ಆ ಟ್ಯಾಂಕಿಲ್ಲ, ಐದಾರು ಸೆಕೆಂಡು ಲಿಂಕ್, ಅಂದ್ರೆ ನೆಟ್ವರ್ಕಿನ ಸಂಪರ್ಕ, ಕಟ್ ಆದ್ರೂ ಸಾಕು, ಎರರ್ ಬಂದು ಕೂರುತ್ತೆ.

ಹೋಗಿ ನೋಡಿದ್ರೆ ಎಲ್ಲ ಸರಿಯಾಗಿದೆ, ನಾವು ಹೋದಾಗ ಯಾವಾಗ್ಲೂ ಸರಿಯಾಗೇ ಇರುತ್ತೆ ಬಿಡಿ! ಮೇಡಂ ಕಂಪ್ಯೂಟರಲ್ಲಿ ಕಮಾಂಡ್ ಟೈಪ್ ಮಾಡೋ ಎರಡು ಕಪ್ಪು ಕಿಟಕಿ ತೆಗೆದು ಒಂದ್ರಲ್ಲಿ ಆಫೀಸಿನ ರೌಟರಿಗೆ, ಇನ್ನೊಂದ್ರಲ್ಲಿ ಹೊರಗಿನ 8.8.8.8ಗೆ (ಇಂಟರ್ನೆಟ್ಟಲ್ಲಿರೋ ಗೂಗಲ್ ಸರ್ವರಿನ ವಿಳಾಸ) ಪಿಂಗ್ ಹಾಕಿ ಓಡೋಕೆ ಬಿಟ್ಟೆ. ಪಿಂಗ್ ಅಂದ್ರೆ 'ಇದೀಯಾ?' ಅಂತ ಕೂಗಿ 'ಇದೀನಿ' ಅಂತ ಉತ್ತರ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆಯೋದು, ಮೈಕ್ ಮ್ಯೂಸ್ ಅನ್ನೋರು 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಮು. ರೌಟರ್ ಉತ್ತರ ಕೊಡ್ತಾ ಹೊರಗಿಂದು ಮಾತ್ರ ನಿಂತ್ರೆ ತಪ್ಪು ಆಚೆ ಕಡೆ, ಎರಡೂ ಒಟ್ಟಿಗೆ ನಿಂತ್ರೆ ತಪ್ಪು ನಮ್ಮ ಗೋಡೆ ಒಳಗೇ. ಮೇಡಂ ಕೈಗೆ ಒಂದು ಹಾಳೆ ಕೊಟ್ಟು, ತೊಂದ್ರೆ ಆದಾಗೆಲ್ಲ ಟೈಮ್ ಬರೀರಿ, ಆಗ ಏನ್ ಮಾಡ್ತಿದ್ರಿ ಅನ್ನೋದನ್ನೂ ಬರೀರಿ ಅಂದೆ. ನನ್ನ ಕೇಳಿದ್ರೆ ಈ ಹಾಳೆಗಿಂತ ಒಳ್ಳೇ ಟೂಲ್ ಇಲ್ಲ. ಸುಮ್ನೆ ರೌಟರ್ ಆಫ್ ಮಾಡಿ ಆನ್ ಮಾಡಿದ್ರೆ ಸುಳಿವು ಅಳಿಸಿ ಹೋಗುತ್ತೆ ಅಷ್ಟೆ.

ಸಾಯಂಕಾಲ ಹಾಳೆ ನೋಡಿದ್ರೆ ಆರು ಸಲ ಹೋಗಿದೆ, ಆರೂ ಸಲ ಎರಡು ಕಿಟಕೀನೂ ಒಟ್ಟಿಗೆ ನಿಂತಿವೆ, ಅದೂ 'ಟೈಮ್ಡ್ ಔಟ್' ಅಲ್ಲ, 'ಜನರಲ್ ಫೇಲ್ಯೂರ್', ಅಂದ್ರೆ ಉತ್ತರ ಬರಲಿಲ್ಲ ಅಂತಲ್ಲ, ಕಳಿಸೋಕೇ ಆಗಲಿಲ್ಲ. ಕಂಪ್ಯೂಟರಲ್ಲಿ ಆಗಿದ್ದನ್ನೆಲ್ಲ ಬರೆದಿಡೋ ಲಾಗ್ ತೋರಿಸೋ ವಿಂಡೋಸಿನ ಇವೆಂಟ್ ವ್ಯೂಯರಲ್ಲೂ ಅದೇ ಟೈಮಿಗೆ ಲಿಂಕ್ ಕಟ್ ಆಗಿರೋದು ದಾಖಲಾಗಿದೆ. ಇನ್ನೊಂದು ವಿಚಿತ್ರ, ಲಿಂಕ್ ಸ್ಪೀಡು ಬೆಳಿಗ್ಗೆ 1000 ಎಂಬಿಪಿಎಸ್ ಇದ್ದದ್ದು ಈಗ 100 ತೋರಿಸ್ತಿದೆ.

ಇದೇ ಸಿಕ್ಕ ಎಳೆ. ನೆಟ್ವರ್ಕ್ ಕೇಬಲ್ ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100ರ ಸ್ಪೀಡಿಗೆ ಕಿತ್ತಳೆ, ಹಸಿರು ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ನೀಲಿ ಜೋಡೀಲೋ ಕಂದು ಜೋಡೀಲೋ ಒಂದು ತಂತಿ ಕೈ ಕೊಟ್ರೆ ಲಿಂಕ್ ಬೀಳುತ್ತೆ, ಕೇಬಲಿನ ಎರಡೂ ತುದೀಲಿರೋ ಯಂತ್ರಗಳು ಮತ್ತೆ ಮಾತುಕತೆ ಮಾಡ್ಕೊಂಡು ಕೆಳಗಿನ ಸ್ಪೀಡಿಗೆ ಒಪ್ಕೋತವೆ. ಆ ಮಾತುಕತೆಯ ಕೆಲವು ಸೆಕೆಂಡಲ್ಲೇ ಮೇಡಂ ಫೈಲು ಹೋಗ್ತಿದ್ದದ್ದು.

ಹಾಳೇಲಿ ಆರರಲ್ಲಿ ಐದು ಕಡೆ 'ಬೀರುವಿಂದ ಫೈಲ್ ತೆಗೀತಿದ್ದೆ' ಅಂತಿತ್ತು. ಬೀರು ಅವರ ಬೆನ್ನ ಹಿಂದೆ. ಬಗ್ಗಿ ನೋಡಿದೆ, ಕುರ್ಚಿ ತಿರುಗಿಸಿದಾಗೆಲ್ಲ ಚಕ್ರ ಕೇಬಲ್ ಮೇಲೆ ಹತ್ತಿ ಇಳೀತಿದೆ! ಮೇಲಿನ ಬೂದು ಸಿಪ್ಪೆ ಒಂಚೂರು ಚಪ್ಪಟೆ ಆಗಿದ್ದು ಬಿಟ್ರೆ ಏನೂ ಕಾಣಲ್ಲ. ಸಿಪ್ಪೆ ಸೀಳಿದ್ರೆ ಕಂದು ತಂತಿಯ ತಾಮ್ರ ಒಳಗೇ ತುಂಡಾಗಿದೆ, ಎರಡು ತುದಿ ಒಂದಕ್ಕೊಂದು ತಾಕ್ಕೊಂಡು ಕೂತಿವೆ, ಅಲ್ಲಾಡಿದ್ರೆ ಬಿಡ್ತವೆ.

ಹೊಸ ಕೇಬಲ್ ಹಾಕೋವಾಗ ಒಂದು ಮಾತು. ಒಂದೊಂದು ಜೋಡೀನೂ ಹುರಿ ಹಂಗೆ ಹೆಣೆದಿರೋದು ಅಂದಕ್ಕಲ್ಲ. ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನ್ ತಂತಿಗೆ ಇದರ ಪೇಟೆಂಟ್ ತಗೊಂಡಿದ್ರು. ಜೋಡಿಯ ಎರಡು ತಂತೀಲಿ ಒಂದೇ ಸಿಗ್ನಲ್ ಉಲ್ಟಾ ಉಲ್ಟಾ ಹೋಗುತ್ತೆ, ಆ ಕಡೆ ನೋಡೋದು ಎರಡರ ವ್ಯತ್ಯಾಸ ಮಾತ್ರ. ಪಕ್ಕದ ಕರೆಂಟ್ ವೈರಿನ ಗಲಾಟೆ ಎರಡಕ್ಕೂ ಹೆಚ್ಚುಕಮ್ಮಿ ಸಮವಾಗಿ ತಾಗೋದ್ರಿಂದ ಕಳೆದು ಹೋಗುತ್ತೆ. ಕೆಲವರು ಬಣ್ಣದ ಕ್ರಮ ಬಿಟ್ಟು ತಮಗೆ ತೋಚಿದಂಗೆ ಎರಡೂ ತುದೀಲಿ ಒಂದೇ ಥರ ಜೋಡಿಸಿ ಕ್ರಿಂಪ್ ಮಾಡ್ತಾರೆ, ಅಂದ್ರೆ ತುದಿಗೆ ಪ್ಲಗ್ ಒತ್ತಿ ಕೂರಿಸ್ತಾರೆ, ಸಾದಾ ಟೆಸ್ಟರಲ್ಲಿ ಎಂಟೂ ಲೈಟ್ ಉರಿಯುತ್ತೆ, ಆದ್ರೆ ಒಂದೇ ಸಿಗ್ನಲಿನ ಎರಡು ತಂತಿ ಬೇರೆ ಬೇರೆ ಹುರಿಗೆ ಹಂಚಿ ಹೋಗಿರುತ್ತವೆ. ಅಂಥ ಕೇಬಲ್ಲೂ ಹಿಂಗೇ ಬಂದು ಹೋಗೋ ಆಟ ಆಡುತ್ತೆ, ಹುಡುಕೋದು ಇದಕ್ಕಿಂತ ಕಷ್ಟ.

ಹೊಸದನ್ನ ಗೋಡೆ ಬದೀಲಿ ಕೇಸಿಂಗ್ ಒಳಗೆ ತಂದ್ವಿ. ಮಾರನೇ ದಿನ ಲಾಗಲ್ಲಿ ಒಂದೂ ಎಂಟ್ರಿ ಇಲ್ಲ. ಮೇಡಂ ಮಾತ್ರ ಈಗಲೂ ಕುರ್ಚೀನ ಮೆಲ್ಲಗೇ ತಿರುಗಿಸ್ತಾರೆ.